ರೇಂಜ್ ಎಕ್ಸ್‌ಟೆಂಡರ್ ಇರುವ ಕಾರನ್ನು ಪರಿಶೀಲಿಸುವ ಕ್ರಮ

ರೇಂಜ್ ಎಕ್ಸ್‌ಟೆಂಡರ್ ಎನ್ನುವುದು ಚಕ್ರಗಳನ್ನು ತಾನೇ ತಿರುಗಿಸದೆ, ವಿದ್ಯುತ್ ಕಾರಿನ ಬ್ಯಾಟರಿಗೂ ಮೋಟಾರಿಗೂ ವಿದ್ಯುತ್ತನ್ನಷ್ಟೇ ಒದಗಿಸುವ ಸಾಧನ, ಸಾಮಾನ್ಯವಾಗಿ ಎಂಜಿನ್ ಮತ್ತು ಜನರೇಟರಿನ ಜೋಡಿ. ಇಂಥ ಕಾರುಗಳ ಜಾಹೀರಾತಿನಲ್ಲಿ ಒಟ್ಟು ಎಷ್ಟು ಕಿಲೋಮೀಟರ್ ಓಡುತ್ತದೆ ಎಂಬ ಅಂಕಿಯೇ ಎದ್ದು ಕಾಣುತ್ತದೆ. ಆದರೆ ಟ್ಯಾಂಕು ದೊಡ್ಡದಾದರೆ ಆ ಅಂಕಿ ತಾನಾಗಿ ಬೆಳೆಯುವುದರಿಂದ ಅದನ್ನು ಬದಿಗಿಟ್ಟು, ಜನರೇಟರು ಎಡೆಬಿಡದೆ ಎಷ್ಟು ಕಿಲೋವ್ಯಾಟ್ ಕೊಡಬಲ್ಲದು ಎಂಬುದನ್ನು ಮೊದಲು ವಿಚಾರಿಸಬೇಕು.

ಲೆಕ್ಕ ಹಾಕುವ ಬಗೆಗೆ 2013ರಲ್ಲಿ ಬಂದ ಬಿಎಂಡಬ್ಲ್ಯು ಐ3 ತಕ್ಕ ಉದಾಹರಣೆ. ಅದರ ಎಕ್ಸ್‌ಟೆಂಡರು ಅದೇ ಕಂಪನಿಯ ಸ್ಕೂಟರಿನಿಂದ ಬಂದ 647 ಸಿಸಿ ಎಂಜಿನ್. ಅದು ಕೊಡುತ್ತಿದ್ದದ್ದು ಸುಮಾರು 25 ಕಿಲೋವ್ಯಾಟ್. ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ 110 ಕಿ.ಮೀ. ವೇಗಕ್ಕೆ ಇಂಥ ಕಾರಿಗೆ 20 ಕಿಲೋವ್ಯಾಟ್‌ನಷ್ಟು ಸಾಕು. ಆದರೆ ಜನರೂ ಸೇರಿ 1,500 ಕಿಲೋ ತೂಗುವ ಕಾರು 1,000 ಮೀಟರ್ ಎತ್ತರಕ್ಕೇರಲು ನಾಲ್ಕು ಯೂನಿಟ್ (ಕಿಲೋವ್ಯಾಟ್-ಗಂಟೆ) ವಿದ್ಯುತ್ತು ಹೆಚ್ಚುವರಿಯಾಗಿ ಬೇಕು. 30 ಕಿ.ಮೀ. ಉದ್ದದ ಏರನ್ನು ಅದೇ ವೇಗದಲ್ಲಿ ಹತ್ತಿದರೆ ಒಟ್ಟು ಬೇಡಿಕೆ 35 ಕಿಲೋವ್ಯಾಟ್ ಮುಟ್ಟುತ್ತದೆ, ಅಂದರೆ ಮೇಲೆ ತಲುಪುವಷ್ಟರಲ್ಲಿ ಎರಡೂವರೆ ಯೂನಿಟ್‌ಗೂ ಹೆಚ್ಚು ಬ್ಯಾಟರಿಯಿಂದಲೇ ಹೋಗಬೇಕು. ಅಮೆರಿಕದ ಮೊದಲ ಐ3ಗಳಲ್ಲಿ ಕ್ಯಾಲಿಫೋರ್ನಿಯದ ನಿಯಮಕ್ಕೆ ಹೊಂದುವಂತೆ, ಚಾರ್ಜು ಸುಮಾರು ಶೇ. 6ಕ್ಕೆ ಇಳಿದ ಮೇಲಷ್ಟೇ ಎಂಜಿನ್ ಶುರುವಾಗುತ್ತಿತ್ತು. ಆಗ ಉಳಿದಿರುತ್ತಿದ್ದದ್ದು ಒಂದು ಯೂನಿಟ್‌ಗಿಂತ ತುಸು ಹೆಚ್ಚು. ಏರಿನಲ್ಲಿ ಕಾರು ಸೊರಗುತ್ತದೆಂಬ ದೂರು ಅಲ್ಲಿ ನ್ಯಾಯಾಲಯದವರೆಗೂ ಹೋಯಿತು. ಯುರೋಪಿನ ಮಾದರಿಯಲ್ಲಿ ಚಾರ್ಜು ಶೇ. 75ಕ್ಕಿಂತ ಕೆಳಗಿಳಿದಾಗಲೇ ಚಾಲಕನು ಎಂಜಿನ್ ಚಾಲೂ ಮಾಡಿ ಬ್ಯಾಟರಿಯನ್ನು ಕಾಯ್ದಿರಿಸಬಹುದಿತ್ತು. ಆದ್ದರಿಂದ ಎರಡನೆಯ ಪ್ರಶ್ನೆ ಇದು: ಚಾರ್ಜು ಹಿಡಿದಿಡುವ ಆಯ್ಕೆ ಚಾಲಕನ ಕೈಯಲ್ಲಿದೆಯೇ? ಇದ್ದರೆ ಏರು ಸಿಗುವ ಬಹಳ ಮುಂಚೆಯೇ ಅದನ್ನು ಒತ್ತಬೇಕು.

ಹೊಸ ಕಾರುಗಳಲ್ಲಿ ಜನರೇಟರು ಬಲವಾಗಿದೆ. 2023ರ ಮಜ್ದಾ ಎಂಎಕ್ಸ್-30 ಆರ್-ಇವಿಯಲ್ಲಿ 830 ಸಿಸಿಯ ಒಂಟಿ ರೋಟರಿನ ರೋಟರಿ ಎಂಜಿನ್ 55 ಕಿಲೋವ್ಯಾಟ್ ಕೊಡುತ್ತದೆ. ಬ್ಯಾಟರಿ ಮಾತ್ರ 17.8 ಯೂನಿಟ್, ಅಧಿಕೃತ ಪರೀಕ್ಷೆಯ ಪ್ರಕಾರ 85 ಕಿ.ಮೀ. ಓಟಕ್ಕೆ. ಚೀನಾದ ಲಿ ಆಟೋ 2019ರಲ್ಲೇ 40.5 ಯೂನಿಟ್ ಬ್ಯಾಟರಿಯ ಕಾರು ತಂದಿತ್ತು. ನಿಮ್ಮ ದಿನದ ಓಡಾಟ ಬ್ಯಾಟರಿಯಲ್ಲೇ ಮುಗಿಯದಿದ್ದರೆ ಇಂಥ ಕಾರು ಲಾಭದಾಯಕವಲ್ಲವೆಂದು ನನ್ನ ಅಭಿಪ್ರಾಯ: ಪೆಟ್ರೋಲನ್ನು ವಿದ್ಯುತ್ತಾಗಿ, ವಿದ್ಯುತ್ತನ್ನು ಮತ್ತೆ ಚಲನೆಯಾಗಿ ಬದಲಿಸುವಾಗ ಎರಡು ಕಡೆ ನಷ್ಟವಾಗುವುದರಿಂದ, ಹೆದ್ದಾರಿಯಲ್ಲೇ ಬಹುಪಾಲು ಓಡಾಡುವವರಿಗೆ ಎಂಜಿನ್ ನೇರವಾಗಿಯೂ ಚಕ್ರ ತಿರುಗಿಸಬಲ್ಲ ಸಾಮಾನ್ಯ ಹೈಬ್ರಿಡ್ಡೇ ಮೇಲಾಗಬಹುದು.

ಎಂಜಿನ್ ಇಲ್ಲದ ಎಕ್ಸ್‌ಟೆಂಡರುಗಳಿಗೂ ಇದೇ ಅಳತೆಗೋಲು. ರೆನೋ ಕಾಂಗೂ ವ್ಯಾನಿಗೆ ಅಳವಡಿಸಿದ್ದ ಹೈಡ್ರೋಜನ್ ಫ್ಯೂಯೆಲ್ ಸೆಲ್ಲಿನ (ಹೈಡ್ರೋಜನ್ನಿನಿಂದ ನೇರವಾಗಿ ವಿದ್ಯುತ್ತು ಹುಟ್ಟಿಸುವ ಸಾಧನದ) ಸಾಮರ್ಥ್ಯ 5 ಕಿಲೋವ್ಯಾಟ್ ಮಾತ್ರ. ನಿಂತು ನಿಂತು ಸಾಮಾನು ಹಂಚುವ ಗಾಡಿಗೆ ಅದು ಸಾಕು, ಹೆದ್ದಾರಿಯ ಓಟಕ್ಕೆ ಸಾಲದು. ಇಂಡಿಯನ್ ಆಯಿಲ್ ಮತ್ತು ಇಸ್ರೇಲಿನ ಫಿನರ್ಜಿ 2021ರಲ್ಲಿ ಯಾವುದಕ್ಕಾಗಿ ಜಂಟಿ ಕಂಪನಿ ಸ್ಥಾಪಿಸಿದವೋ ಆ ಅಲ್ಯೂಮಿನಿಯಂ-ಏರ್ ಬ್ಯಾಟರಿಯಲ್ಲಿ ಲೋಹದ ಫಲಕವೇ ಸವೆದು ವಿದ್ಯುತ್ತು ಹುಟ್ಟುತ್ತದೆ. ಅದನ್ನು ಪ್ಲಗ್ಗಿಗೆ ಹಾಕಿ ಚಾರ್ಜ್ ಮಾಡಲಾಗದು. ಆದ್ದರಿಂದ ಫಲಕ ಬದಲಿಸುವ ಕೇಂದ್ರ ನೀವು ಹೋಗುವ ದಾರಿಯಲ್ಲಿದೆಯೇ, ಬದಲಿಸಲು ಎಷ್ಟು ಖರ್ಚು ಎಂಬುದನ್ನೂ ಕೇಳಿ ತಿಳಿಯಬೇಕು.