ಜಿಪ್ಸಿಗೆ ಡೋನರ್ ಎಂಜಿನ್ ಆರಿಸಿದ ಬಗೆ

ಎಂಜಿನ್ ಬದಲಿಸಲು ಹೊರಟವರೆಲ್ಲ ಮೊದಲು ಕೇಳುವುದು ಎಷ್ಟು ಅಶ್ವಶಕ್ತಿ ಸಿಗುತ್ತದೆ ಎಂದು. ನನ್ನ ಮಾರುತಿ ಜಿಪ್ಸಿ ಕಿಂಗ್ ವಿಷಯದಲ್ಲಿ ಆ ಪ್ರಶ್ನೆಯನ್ನು ನಾನು ಕೊನೆಗೆ ಉಳಿಸಿಕೊಂಡೆ. ಡೋನರ್ ಎಂಜಿನ್, ಅಂದರೆ ಬೇರೆ ಗಾಡಿಯಿಂದ ತೆಗೆದು ತಂದದ್ದು, ಕೂತ ಮೇಲೂ ಅದರ ಹಿಂದೆ ಹಳೆಯ ಗೇರ್‌ಬಾಕ್ಸ್, ಹಳೆಯ ಟ್ರಾನ್ಸ್‌ಫರ್ ಕೇಸ್ (ಶಕ್ತಿಯನ್ನು ಮುಂದಿನ, ಹಿಂದಿನ ಆಕ್ಸಲ್‌ಗಳಿಗೆ ಹಂಚುವ ಪೆಟ್ಟಿಗೆ), ಹಳೆಯ ಆಕ್ಸಲ್‌ಗಳೇ ಉಳಿಯುವುದರಿಂದ, ಯಾವ ಎಂಜಿನ್ ಬರಬಹುದೆಂದು ತೀರ್ಮಾನಿಸುವ ಹಕ್ಕು ಅವುಗಳಿಗೇ ಇರಬೇಕು ಎಂಬುದು ನನ್ನ ನಿಲುವಾಗಿತ್ತು.

ನನ್ನದು ಕಾರ್ಬ್ಯುರೇಟರ್ ಕಾಲದ ಗಾಡಿ: 1298 ಸಿಸಿ, ಎಂಟು ವಾಲ್ವ್, ಸುಮಾರು 60 ಅಶ್ವಶಕ್ತಿ. ಇದನ್ನು ಖಾಸಗಿ ಜಮೀನಿನ ಕೆಸರು ಹಾದಿಗಳಲ್ಲಿ ಮಾತ್ರ ಓಡಿಸುವುದೆಂದೂ ಅಲ್ಲಿಯವರೆಗೆ ಟ್ರೇಲರ್ ಮೇಲೆ ಸಾಗಿಸುವುದೆಂದೂ ಮೊದಲೇ ನಿರ್ಧರಿಸಿದ್ದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ತಯಾರಕರು ಮೂಲದಲ್ಲಿ ನಮೂದಿಸಿದ ವಿವರಗಳಿಗೂ ನೋಂದಣಿ ಪತ್ರಕ್ಕೂ ವ್ಯತ್ಯಾಸ ಬರುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಇನ್ನಷ್ಟು ಖಚಿತಗೊಳಿಸಿತು. ಗಾಡಿಯನ್ನು ರಸ್ತೆಯಲ್ಲಿ ಓಡಿಸುವ ಉದ್ದೇಶವಿದ್ದವರು ಅದೇ ಮಾದರಿಯ ಎಂಜಿನ್ನನ್ನು ಆರ್‌ಟಿಒ ಅನುಮತಿ ಪಡೆದು ಹಾಕಿಸುವುದೇ ಸರಿಯಾದ ದಾರಿ, ಅವರಿಗೆ ಈ ಬರಹದ ಅರ್ಧಭಾಗ ಬೇಕಾಗುವುದಿಲ್ಲ.

ನನ್ನ ಮುಂದೆ ಮೂರು ಆಯ್ಕೆಗಳಿದ್ದವು. ಮೊದಲನೆಯದು 2000ದ ನಂತರದ ಜಿಪ್ಸಿಯಲ್ಲಿ ಬಂದ, 16 ವಾಲ್ವಿನ ಎಂಪಿಎಫ್‌ಐ (ಪ್ರತಿ ಸಿಲಿಂಡರಿಗೂ ಇಂಜೆಕ್ಟರ್‌ನಿಂದ ಇಂಧನ ಚಿಮ್ಮಿಸುವ) ಎಂಜಿನ್: 80 ಅಶ್ವಶಕ್ತಿ, 103 ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸುವ ಬಲ). ಎರಡನೆಯದು ಹಳೆಯ ಬಲೆನೊ ಸೆಡಾನ್‌ನ 1.6 ಲೀಟರ್ ಎಂಜಿನ್: 94 ಅಶ್ವಶಕ್ತಿ, 130 ನ್ಯೂಟನ್ ಮೀಟರ್. ಮೂರನೆಯದು ಸ್ವಿಫ್ಟ್‌ನ 1.3 ಲೀಟರ್ ಡೀಸೆಲ್: 75 ಅಶ್ವಶಕ್ತಿಯಾದರೂ ಟಾರ್ಕ್ 190 ನ್ಯೂಟನ್ ಮೀಟರ್. ಮಲೆನಾಡಿನ ಎಸ್ಟೇಟುಗಳಲ್ಲಿ ಸಿಕ್ಕಿದ ಡೀಸೆಲ್ ಎಂಜಿನ್ನನ್ನೆಲ್ಲ ಜೀಪಿಗೆ ಕೂರಿಸುವ ರೂಢಿ ಹಿಂದಿನಿಂದಲೂ ಇರುವುದರಿಂದ, ಬಳಗದಲ್ಲಿ ಬಹುಮತವಿದ್ದದ್ದು ಡೀಸೆಲ್ ಪರವಾಗಿಯೇ.

ಆದರೆ ಲೆಕ್ಕ ಬೇರೆಯೇ ಹೇಳಿತು. ಜಿಪ್ಸಿ ಕಿಂಗ್‌ನ ಮೊದಲ ಗೇರಿನ ಅನುಪಾತ 3.652, ಟ್ರಾನ್ಸ್‌ಫರ್ ಕೇಸಿನ ಲೋ ರೇಂಜ್ (ವೇಗ ತಗ್ಗಿಸಿ ಎಳೆತ ಹೆಚ್ಚಿಸುವ ಗೇರು) 2.268, ಎರಡನ್ನೂ ಗುಣಿಸಿದರೆ ಸುಮಾರು 8.28. ಗೇರುಗಳ ಘರ್ಷಣೆಯಲ್ಲಿ ಆಗುವ ನಷ್ಟವನ್ನು ಬಿಟ್ಟು ಲೆಕ್ಕ ಹಾಕಿದರೆ, ಜಿಪ್ಸಿಯದೇ ಎಂಪಿಎಫ್‌ಐ ಎಂಜಿನ್ನಿನಿಂದ ಟ್ರಾನ್ಸ್‌ಫರ್ ಕೇಸಿನ ಆಚೆ ಬದಿಗೆ ಸುಮಾರು 850 ನ್ಯೂಟನ್ ಮೀಟರ್, ಬಲೆನೊದಿಂದ 1,075ರ ಆಸುಪಾಸು, ಡೀಸೆಲ್‌ನಿಂದ 1,570ಕ್ಕೂ ಮಿಕ್ಕಿ ಹೋಗುತ್ತದೆ. ಕೆಸರಿನಲ್ಲಿ ಒಂದು ಚಕ್ರ ಹೂತು ಇನ್ನೊಂದು ಕಲ್ಲನ್ನು ಹಿಡಿದ ಕ್ಷಣದಲ್ಲಿ ಈ ಬಲದ ಹೊಡೆತ ಮುಂದಿನ ಆಕ್ಸಲ್ ಶಾಫ್ಟಿನ ತುದಿಯ ಸಿವಿ ಜಾಯಿಂಟ್ (ಚಕ್ರ ತಿರುವಿದಾಗಲೂ ಶಕ್ತಿ ಸಾಗಿಸುವ ಕೀಲು) ಮೇಲೆ ಬೀಳುವುದರಿಂದ, ಡೀಸೆಲ್ ಆರಿಸಿದರೆ ಗೇರ್‌ಬಾಕ್ಸಿನಿಂದ ಆಕ್ಸಲ್‌ವರೆಗೆ ಎಲ್ಲವನ್ನೂ ಬದಲಿಸುವ ಖರ್ಚಿಗೆ ತಯಾರಿರಬೇಕಿತ್ತು. ಅದರ ಬ್ಲಾಕ್ ಕಬ್ಬಿಣದ್ದು, ಗಾಡಿಯ ಮೂತಿ ಭಾರವಾಗುತ್ತದೆ. ಗೇರ್‌ಬಾಕ್ಸಿಗೆ ಜೋಡಿಸಲು ಅಡಾಪ್ಟರ್ ಪ್ಲೇಟ್ ಬೇರೆ ಮಾಡಿಸಬೇಕು. ಹೀಗೆ ಡೀಸೆಲ್ ಪಟ್ಟಿಯಿಂದ ಹೊರಬಿತ್ತು.

ಉಳಿದೆರಡೂ ಸುಜುಕಿಯ ಜಿ ಸರಣಿಯವು, ಅಲ್ಯೂಮಿನಿಯಂ ಬ್ಲಾಕಿನವು. ನನ್ನ ಗೇರ್‌ಬಾಕ್ಸಿನ ಬೆಲ್ ಹೌಸಿಂಗ್‌ಗೆ (ಎಂಜಿನ್ನಿಗೆ ಬೋಲ್ಟ್ ಆಗುವ ಅದರ ಮುಂಭಾಗಕ್ಕೆ) ಎರಡೂ ಹೊಂದುತ್ತವೆ. ಖರ್ಚು ಉಳಿಸುವುದೇ ಮುಖ್ಯವಾಗಿದ್ದರೆ ಜಿಪ್ಸಿಯದೇ ಎಂಜಿನ್ ನಿರ್ವಿವಾದ ಉತ್ತರ. ಹೆಚ್ಚಿನ ಗ್ಯಾರೇಜ್ ಕೆಲಸವಿಲ್ಲದೆ ಅದು ತನ್ನ ಜಾಗದಲ್ಲಿ ಕೂರುತ್ತದೆ. ಆದರೆ ಅದರ ಶಕ್ತಿ ಇರುವುದು ಮೇಲಿನ ಆರ್‌ಪಿಎಂನಲ್ಲಿ, ನನಗೆ ಬೇಕಿದ್ದದ್ದು ಕೆಳಗಿನ ಎಳೆತ. ಬಲೆನೊ ಎಂಜಿನ್ 3000 ಆರ್‌ಪಿಎಂಗೇ ತನ್ನ ಪೂರ್ತಿ ಟಾರ್ಕ್ ಕೊಡುತ್ತದೆ, ಅದೂ ಹಳೆಯ ಗೇರಿನ ಹಲ್ಲುಗಳು ತಡೆದುಕೊಳ್ಳಬಹುದಾದ ಮಿತಿಯಲ್ಲಿ. ಹಾಗಾಗಿ ಬಲೆನೊ ಆರಿಸಿದೆ.

ತೊಡಕು ಇರುವುದು ಅದರ ಮೂಲ ಕೂರುವಿಕೆಯಲ್ಲಿ. ಬಲೆನೊದಲ್ಲಿ ಅಡ್ಡಲಾಗಿ ಕೂತ ಎಂಜಿನ್ ಜಿಪ್ಸಿಯಲ್ಲಿ ಉದ್ದಕ್ಕೆ ಕೂರಬೇಕು. ಆಗ ಸಿಲಿಂಡರ್ ಹೆಡ್‌ನ ಗೇರ್‌ಬಾಕ್ಸ್ ಬದಿಯಲ್ಲಿ ಚಾಚಿಕೊಂಡಿರುವುದೆಲ್ಲ ಡ್ಯಾಶ್‌ಬೋರ್ಡ್ ಹಿಂದಿನ ತಗಡಿನ ಗೋಡೆಗೆ ಎದುರಾಗುತ್ತದೆ, ನೀರಿನ ಪೈಪುಗಳ ದಿಕ್ಕು ತಪ್ಪುತ್ತದೆ. ಎಲ್ಲಕ್ಕಿಂತ ಮುಖ್ಯವಾದದ್ದು ಆಯಿಲ್ ಸಂಪ್, ಅಂದರೆ ಎಂಜಿನ್ನಿನ ತಳದ ಎಣ್ಣೆ ತೊಟ್ಟಿ. ಜಿಪ್ಸಿಯ ಮುಂದಿನ ಆಕ್ಸಲ್ ಒಂದೇ ಗಟ್ಟಿ ತೊಲೆ. ಸ್ಪ್ರಿಂಗ್ ಅದುಮಿದಾಗ ಅದು ಪೂರ್ತಿಯಾಗಿ ಮೇಲಕ್ಕೆ ಬರುತ್ತದೆ. ಆದ್ದರಿಂದ ಆಕ್ಸಲ್ಲನ್ನು ಜಾಕ್ ಹಾಕಿ ಬಂಪ್ ಸ್ಟಾಪಿಗೆ (ಆಕ್ಸಲ್ ಮೇಲೇರುವುದನ್ನು ತಡೆಯುವ ರಬ್ಬರಿಗೆ) ತಾಗುವವರೆಗೆ ಎತ್ತಿಯೇ ಜಾಗ ಅಳೆಯಬೇಕು, ನೆಲದ ಮೇಲೆ ನಿಂತ ಗಾಡಿಯಲ್ಲಿ ಅಳೆದರೆ ಪ್ರಯೋಜನವಿಲ್ಲ. ಬಲೆನೊ ಸಂಪನ್ನು ಕತ್ತರಿಸಿ, ಆಳವನ್ನು ಹಿಂದಕ್ಕೆ ಸರಿಸಿ ಬೆಸುಗೆ ಹಾಕಿಸಿದ ಮೇಲೆ, ಎಣ್ಣೆ ಹೀರುವ ಜಾಲರಿಯ ಬಾಯಿಗೆ ಮಕ್ಕಳ ಆಟದ ಕ್ಲೇ ಮೆತ್ತಿ ಸಂಪ್ ಮುಚ್ಚಿದೆವು. ಮತ್ತೆ ಬಿಚ್ಚಿ, ಚಪ್ಪಟೆಯಾದ ಕ್ಲೇಯ ದಪ್ಪವನ್ನು ವರ್ನಿಯರ್‌ನಲ್ಲಿ ನೋಡಿದಾಗ ಎಂಟು ಮಿಲಿಮೀಟರಿನಷ್ಟು ಬಂತು. ತಳಕ್ಕೂ ಜಾಲರಿಗೂ ಅಷ್ಟು ಅಂತರವಿದ್ದರೆ ಎಣ್ಣೆ ಸರಾಗವಾಗಿ ಏರುತ್ತದೆ.

ಎಂಜಿನ್ ಎಲ್ಲಿ ಕೊಳ್ಳಬೇಕು ಎಂಬುದರಲ್ಲಿ ನನ್ನ ಅಭಿಪ್ರಾಯ ಖಚಿತ. ಬೆಂಗಳೂರಿನ ಶಿವಾಜಿನಗರದ ಗುಜರಿಯಲ್ಲಿ ಬಿಡಿ ಎಂಜಿನ್ ಸಿಗುತ್ತದೆ, ದರವೂ ಕಡಿಮೆ. ಆದರೆ ಎಂಪಿಎಫ್‌ಐ ಎಂಜಿನ್ ಎಂದರೆ ಬರೀ ಲೋಹವಲ್ಲ. ಇಸಿಎಂ (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್), ಕತ್ತರಿಸದ ವೈರಿಂಗ್, ಸೆನ್ಸರ್‌ಗಳು, ಇಮೊಬಿಲೈಸರ್ (ಕಳ್ಳತನ ತಡೆಯುವ ವ್ಯವಸ್ಥೆ) ಇದ್ದರೆ ಅದರ ಕೀಲಿ, ಇಂಧನ ಪಂಪ್ ಎಲ್ಲ ಒಟ್ಟಿಗೇ ಬರಬೇಕು. ಕಾರ್ಬ್ಯುರೇಟರ್ ಗಾಡಿಯ ಪಂಪಿನ ಒತ್ತಡ ಇಂಜೆಕ್ಟರ್‌ಗಳಿಗೆ ಸಾಲದು, ಅದನ್ನೂ ಬದಲಿಸಬೇಕು. ಹಾಗಾಗಿ ನಾನು ಹಿಂದಿನಿಂದ ಗುದ್ದಿಸಿಕೊಂಡಿದ್ದ, ಆದರೆ ಸ್ಟಾರ್ಟ್ ಆಗುವ ಒಂದು ಇಡೀ ಬಲೆನೊ ಕೊಂಡೆ. ನಂಬರ್ ಉಜ್ಜಿ ಅಳಿಸಿದ ಎಂಜಿನ್ನನ್ನಂತೂ ಯಾವ ದರಕ್ಕೂ ಮುಟ್ಟಬಾರದು.

ಓಡುವ ಕಾರಿನ ದೊಡ್ಡ ಅನುಕೂಲವೆಂದರೆ ಸಿಲಿಂಡರಿನೊಳಗಿನ ಒತ್ತಡ ಅಳೆಯುವ ಕಂಪ್ರೆಷನ್ ಪರೀಕ್ಷೆಯನ್ನು ಬಿಸಿ ಎಂಜಿನ್ನಿನಲ್ಲಿ ಮಾಡಬಹುದು. ನಾಲ್ಕೂ ಪ್ಲಗ್ ಬಿಚ್ಚಿ, ಆ್ಯಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಸ್ಟಾರ್ಟರ್ ತಿರುಗಿಸಿದೆವು. ಈ ಎಂಜಿನ್ನಿಗೆ ಚದರ ಸೆಂಟಿಮೀಟರಿಗೆ 14 ಕೆಜಿ ಸಹಜ, 12 ಕನಿಷ್ಠ, ಸಿಲಿಂಡರ್‌ಗಳ ನಡುವೆ 1 ಕೆಜಿಗಿಂತ ಹೆಚ್ಚು ವ್ಯತ್ಯಾಸ ಇರಬಾರದು. ಮೂರು ಸಿಲಿಂಡರ್‌ಗಳು 13ರ ಮೇಲೆ ನಿಂತವು, ನಾಲ್ಕನೆಯದು 12ರ ಸ್ವಲ್ಪ ಮೇಲೆ. ಅದರೊಳಕ್ಕೆ ಒಂದು ಚಮಚ ಎಣ್ಣೆ ಬಿಟ್ಟು ಮತ್ತೆ ನೋಡಿದಾಗ ಮುಳ್ಳು ಅಲುಗಲಿಲ್ಲ. “ರಿಂಗ್ ಚೆನ್ನಾಗಿದೆ ಸಾರ್, ವಾಲ್ವ್ ಗ್ರೈಂಡ್ ಮಾಡಿಸಿದ್ರೆ ಆಯ್ತು” ಎಂದರು ನಮ್ಮ ಮೆಕ್ಯಾನಿಕ್. ಪಿಸ್ಟನ್ ಸುತ್ತಲಿನ ರಿಂಗ್ ಸವೆದಿದ್ದರೆ ಎಣ್ಣೆ ಸಂದು ಮುಚ್ಚಿ ಒತ್ತಡ ಏರುತ್ತಿತ್ತು. ಹೆಡ್ ಇಳಿಸುವುದು ಹೇಗೂ ಇದ್ದದ್ದರಿಂದ ಈ ದೋಷವನ್ನು ತೋರಿಸಿಯೇ ದರ ಇಳಿಸಿಕೊಂಡೆ. ಟೈಮಿಂಗ್ ಬೆಲ್ಟ್, ವಾಟರ್ ಪಂಪ್, ಸೀಲ್‌ಗಳನ್ನು ಎಂಜಿನ್ ಹೊರಗಿರುವಾಗಲೇ ಹೊಸದು ಹಾಕಿಸಿದೆವು. ಆಮೇಲೆ ಕೈ ಹೋಗದ ಜಾಗಗಳವು.

ಇಡೀ ಕಾರು ಕೊಂಡವರಿಗೆ ಕಾಗದದ ಕೆಲಸವೊಂದು ಉಳಿಯುತ್ತದೆ. ಕಾಯ್ದೆಯ 55ನೇ ಕಲಮಿನಂತೆ, ಬಳಕೆಗೆ ಬಾರದಂತಾದ ವಾಹನದ ಮಾಹಿತಿಯನ್ನು 14 ದಿನಗಳೊಳಗೆ ಆರ್‌ಟಿಒಗೆ ತಿಳಿಸಿ ನೋಂದಣಿ ಪತ್ರವನ್ನು ಒಪ್ಪಿಸಬೇಕು. ಬಲೆನೊ ಮಾರಿದವರಿಂದ ಅದಕ್ಕೆ ಬೇಕಾದ ಸಹಿಗಳನ್ನು ಹಣ ಕೊಡುವ ಮೊದಲೇ ಹಾಕಿಸಿಕೊಂಡಿದ್ದೆ. ಬಾಗಿಲು, ಗಾಜು, ಸೀಟು ಮಾರಿ ಬಂದ ಹಣದಲ್ಲಿ ಸಂಪ್ ಮತ್ತು ಮೌಂಟ್‌ಗಳ ಬೆಸುಗೆ ಕೆಲಸದ ಕೂಲಿ ಹುಟ್ಟಿತು.