ಹೊಸ ಮ್ಯಾನೇಜರ್ ಬಗ್ಗೆ ತೀರ್ಪು ಕೊಡುವ ಮುನ್ನ

ಮುಖ್ಯ ತಂಡವನ್ನು ಎಂದೂ ನಡೆಸಿರದ ವ್ಯಕ್ತಿಗೆ ದೊಡ್ಡ ಫುಟ್‌ಬಾಲ್ ಕ್ಲಬ್ಬೊಂದು ಮ್ಯಾನೇಜರ್, ಅಂದರೆ ಮುಖ್ಯ ಕೋಚ್, ಹುದ್ದೆ ಕೊಟ್ಟಾಗ, ಬಳ್ಳಾರಿಯಲ್ಲಿ ಕುಳಿತು ಶನಿವಾರ ರಾತ್ರಿ ಎಂಟೂವರೆಯ ಪಂದ್ಯವನ್ನು ಮೊಬೈಲಿನಲ್ಲಿ ನೋಡುವ ಅಭಿಮಾನಿಯ ಕೈಗೆ ಸಿಗುವುದು ಅಂಕಪಟ್ಟಿ ಮತ್ತು ಗೆಳೆಯರ ಗುಂಪಿನ ಸಿಟ್ಟು, ಇವೆರಡೇ. ಅಷ್ಟರಿಂದಲೇ ತೀರ್ಪು ಕೊಡುವುದು ಸುಲಭ. ಆದರೆ ಅದು ಬಹಳ ಸಲ ಸುಳ್ಳಾಗುತ್ತದೆ.

ಮೊದಲು, ಅನುಭವವಿಲ್ಲ ಎಂದರೆ ಯಾವ ಅನುಭವವಿಲ್ಲ ಎಂಬುದನ್ನು ವಿಚಾರಿಸಿಕೊಳ್ಳಿ. 2020ರ ಆಗಸ್ಟ್‌ನಲ್ಲಿ ಇಟಲಿಯ ಯುವೆಂಟಸ್ ಕ್ಲಬ್ ತನ್ನ ಮಾಜಿ ಆಟಗಾರ ಆಂಡ್ರಿಯಾ ಪಿರ್ಲೊ ಅವರನ್ನು ನೇಮಿಸಿದಾಗ ಅವರು ಕೋಚ್ ಆಗಿ ಒಂದು ಪಂದ್ಯವನ್ನೂ ನಡೆಸಿರಲಿಲ್ಲ. ಶಾಬಿ ಅಲೊನ್ಸೊ ಹಾಗಲ್ಲ. ಜರ್ಮನಿಯ ಲೆವರ್‌ಕುಸೆನ್ ಕ್ಲಬ್‌ಗೆ ಬರುವ ಮುನ್ನ ಮೂರು ಸೀಸನ್ ಸ್ಪೇನಿನ ರಿಯಲ್ ಸೊಸಿಡಾಡ್‌ನ ಎರಡನೇ ತಂಡವನ್ನು, ಅಂದರೆ ಮುಖ್ಯ ತಂಡದ ಕೆಳಗಿನ ಮೀಸಲು ತಂಡವನ್ನು, ತಿದ್ದಿದ್ದರು. ಇನ್ನೊಂದು ಬಗೆಯೂ ಇದೆ, ಅದು ನಮಗೆ ಹತ್ತಿರದ್ದು. ತೋರಣಗಲ್ಲಿನ ಕ್ರೀಡಾ ಸಂಸ್ಥೆಯನ್ನು ಕಟ್ಟಿದ ಜೆಎಸ್‌ಡಬ್ಲ್ಯು ಸಮೂಹದ್ದೇ ಆದ ಬೆಂಗಳೂರು ಎಫ್‌ಸಿ 2018ರಲ್ಲಿ ಸಹಾಯಕ ಕೋಚ್ ಕಾರ್ಲೆಸ್ ಕ್ವಾಡ್ರಾಟ್ ಅವರಿಗೇ ಮುಖ್ಯ ಹೊಣೆ ಕೊಟ್ಟಿತು. ಮರುವರ್ಷವೇ ತಂಡ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಗೆದ್ದಿತು. ಆಟಗಾರರನ್ನು ಎರಡು ವರ್ಷ ಒಳಗಿನಿಂದ ಕಂಡವರನ್ನು ಅನನುಭವಿ ಎನ್ನುವುದು ನನ್ನ ಮಟ್ಟಿಗೆ ಅರ್ಧ ಸತ್ಯ.

ಆಮೇಲೆ, ಅವರ ಕೈಗೆ ಕೊಟ್ಟದ್ದೇನು ಎಂಬುದನ್ನು ಸೀಸನ್ ಆರಂಭವಾಗುವ ಮುನ್ನವೇ ಬರೆದಿಡಿ, ಏಕೆಂದರೆ ಎರಡು ಸೋಲಿನ ನಂತರ ನೆನಪು ಸಿಟ್ಟಿನ ಪರ ವಾದಿಸುತ್ತದೆ. 2019ರಲ್ಲಿ ಫ್ರಾಂಕ್ ಲ್ಯಾಂಪಾರ್ಡ್ ಮ್ಯಾನೇಜರ್ ಆಗಿ ಇಂಗ್ಲೆಂಡಿನ ಚೆಲ್ಸಿಗೆ ಬಂದಾಗ ಹೊಸ ಆಟಗಾರರನ್ನು ಕೊಳ್ಳಲು ನಿಷೇಧವಿತ್ತು, ತಂಡದ ಪ್ರಮುಖ ಆಟಗಾರ ಎಡೆನ್ ಹಜಾರ್ಡ್ ಮಾರಾಟವಾಗಿದ್ದರು. ಆ ಸ್ಥಿತಿಯಲ್ಲಿ ಬಂದ ನಾಲ್ಕನೇ ಸ್ಥಾನವನ್ನು, ಮರುವರ್ಷ ಭಾರೀ ಹಣ ಸುರಿದು ಕಟ್ಟಿದ ತಂಡದ ಆಟದೊಂದಿಗೆ ಒಂದೇ ತಕ್ಕಡಿಯಲ್ಲಿ ತೂಗಲಾಗದು.

ಮೊದಲ ಕೆಲವು ಫಲಿತಾಂಶಗಳನ್ನು ಬರೆದುಕೊಳ್ಳಿ, ಆದರೆ ನಂಬಬೇಡಿ. ಒಂದೇ ಒಂದು ವರ್ಷ ಬಾರ್ಸಿಲೋನಾದ ಎರಡನೇ ತಂಡವನ್ನು ನಡೆಸಿದ್ದ ಪೆಪ್ ಗಾರ್ಡಿಯೋಲಾ 2008ರಲ್ಲಿ ಮೊದಲ ಲೀಗ್ ಪಂದ್ಯವನ್ನು ನುಮಾನ್ಸಿಯಾ ಎದುರು 0-1ರಿಂದ ಸೋತರು, ಎರಡನೆಯದು ಡ್ರಾ ಆಯಿತು, ಆ ಸೀಸನ್ ಮುಗಿಯುವಾಗ ಲೀಗ್, ದೇಶೀಯ ಕಪ್ ಮತ್ತು ಚಾಂಪಿಯನ್ಸ್ ಲೀಗ್ ಮೂರೂ ಅವರ ತಂಡದ್ದಾಗಿದ್ದವು. ಕನಿಷ್ಠ ಹತ್ತು ಪಂದ್ಯಗಳವರೆಗಾದರೂ ಗೋಲಿಗಿಂತ ಗೋಲಿನ ಅವಕಾಶಗಳತ್ತ ಗಮನವಿಡಬೇಕು. ಪ್ರತಿ ಅವಕಾಶವೂ ಗೋಲಾಗುವ ಸಂಭವ ಎಷ್ಟು ಎಂದು ಅಳೆದು ಕೂಡಿಸುವ, ಈಗ ಹಲವು ಆ್ಯಪ್‌ಗಳಲ್ಲಿ ಸಿಗುವ ನಿರೀಕ್ಷಿತ ಗೋಲು (xG) ಎಂಬ ಲೆಕ್ಕ ಅದಕ್ಕೆ ನೆರವಾಗುತ್ತದೆ. ಪೆನಾಲ್ಟಿಯೊಂದಕ್ಕೇ ಅದರಲ್ಲಿ ಮುಕ್ಕಾಲು ಗೋಲಿಗೂ ತುಸು ಹೆಚ್ಚಿನ ಬೆಲೆ ಇರುವುದರಿಂದ, ಪೆನಾಲ್ಟಿಗಳನ್ನು ಕಳೆದೇ ನೋಡುವುದು ಒಳ್ಳೆಯದು.

ಮ್ಯಾನೇಜರ್‌ನ ಪ್ರಭಾವ ಅತಿ ಸ್ಪಷ್ಟವಾಗಿ ಕಾಣುವುದು ವಿರಾಮದ ನಂತರ, ಅರವತ್ತನೇ ನಿಮಿಷದ ಆಸುಪಾಸಿನಲ್ಲಿ. ನಿಮ್ಮ ತಂಡ 1-0 ಮುಂದಿದೆ, ಎದುರಾಳಿ ನಿಮ್ಮ ಬಲಬದಿಯ ರಕ್ಷಕನ ಬೆನ್ನ ಹಿಂದಕ್ಕೆ ಮೂರನೇ ಬಾರಿ ಚೆಂಡು ಕಳಿಸಿದ್ದಾನೆ ಎನ್ನಿ. ಆಗ ಟಿವಿಯ ಸದ್ದು ಕಡಿಮೆ ಮಾಡಿ ಮೂರು ಸಂಗತಿ ನೋಡಿ: ಮಿಡ್‌ಫೀಲ್ಡರ್ (ನಡುಮೈದಾನದ ಆಟಗಾರ) ಒಬ್ಬ ಆ ಜಾಗ ಮುಚ್ಚಲು ಹಿಂದೆ ಸರಿದನೇ, ಬದಲಿ ಆಟಗಾರ ಗೋಲು ಬೀಳುವ ಮುನ್ನ ಬಂದನೇ ಅಥವಾ ಬಿದ್ದ ಮೇಲೆ ಬಂದನೇ, ಮುಂದಿನ ವಾರವೂ ಅದೇ ಬದಿ ತೆರೆದೇ ಇತ್ತೇ. ಇದರಲ್ಲಿ ಮೂರನೆಯದೇ ಮುಖ್ಯ. ತಪ್ಪು ಎಲ್ಲರೂ ಮಾಡುತ್ತಾರೆ. ಒಂದೇ ತಪ್ಪು ಆರು ವಾರ ಉಳಿದರೆ ಮಾತ್ರ ಅದನ್ನು ಮ್ಯಾನೇಜರ್ ಖಾತೆಗೆ ಬರೆಯಬಹುದು. ಪತ್ರಿಕಾಗೋಷ್ಠಿಯ ಮಾತಿಗೆ ನಾನಂತೂ ಹೆಚ್ಚು ಬೆಲೆ ಕೊಡುವುದಿಲ್ಲ.

ತಾಳ್ಮೆ ಎಲ್ಲಿಯವರೆಗೆ ಎಂಬ ಪ್ರಶ್ನೆಗೆ ಇಂಗ್ಲೆಂಡಿನ ಆರ್ಸೆನಲ್ ಕ್ಲಬ್‌ನಲ್ಲಿ ಮಿಕೆಲ್ ಆರ್ಟೆಟಾ ಅವರ ಉದಾಹರಣೆ ಚೆನ್ನಾಗಿದೆ. 2019-20 ಮತ್ತು 2020-21ರಲ್ಲಿ ತಂಡ ಎಂಟನೇ ಸ್ಥಾನದಲ್ಲೇ ಉಳಿಯಿತು. ಅಂಕಪಟ್ಟಿಯಷ್ಟೇ ನೋಡಿದವರಿಗೆ ಏನೂ ಬದಲಾಗಿರಲಿಲ್ಲ. ಆದರೆ ಬಿಟ್ಟುಕೊಟ್ಟ ಗೋಲುಗಳು 48ರಿಂದ 39ಕ್ಕೆ ಇಳಿದಿದ್ದವು, ಬುಕಾಯೊ ಸಾಕಾ ತರಹದ ಎಳೆಯರು ತಂಡದಲ್ಲಿ ಬೇರೂರಿದ್ದರು. 2022-23ರಲ್ಲಿ ಅದೇ ತಂಡ ಎರಡನೇ ಸ್ಥಾನಕ್ಕೇರಿತು. ಇದಕ್ಕೆ ವ್ಯತಿರಿಕ್ತವಾಗಿ, 2015ರ ಡಿಸೆಂಬರ್‌ನಲ್ಲಿ ಸ್ಪೇನಿನ ವೆಲೆನ್ಸಿಯಾ ಕ್ಲಬ್‌ಗೆ ಮುಖ್ಯ ಕೋಚ್ ಆಗಿ ಹೋದ ಗ್ಯಾರಿ ನೆವಿಲ್ 16 ಲೀಗ್ ಪಂದ್ಯಗಳಲ್ಲಿ ಮೂರನ್ನಷ್ಟೇ ಗೆದ್ದರು. ಸ್ಪ್ಯಾನಿಷ್ ಭಾಷೆಯ ಮೇಲೆ ಹಿಡಿತವಿಲ್ಲದ, ಅದಕ್ಕೂ ಮುನ್ನ ಎಂದೂ ಮುಖ್ಯ ಕೋಚ್ ಆಗಿರದ ವ್ಯಕ್ತಿಯನ್ನು ಸೀಸನ್ ನಡುವೆ ಕರೆತಂದ ಆಡಳಿತದ ಪಾಲನ್ನೂ ಅಭಿಮಾನಿ ಬರೆದಿಡಬೇಕು. ಆದರೆ ಪ್ರೇಕ್ಷಕರ ಛೀಮಾರಿಗೆ ಗುರಿಯಾಗುವುದು ಮೈದಾನದ ಬದಿಯಲ್ಲಿ ನಿಂತ ಮ್ಯಾನೇಜರ್ ಒಬ್ಬರೇ.

ವಜಾ ಆದ ಮೇಲೆ ಬಂದವರ ಮೊದಲ ಗೆಲುವುಗಳನ್ನೂ ಇದೇ ಕಣ್ಣಿನಿಂದ ನೋಡಿ. ಕ್ಲಬ್‌ಗಳು ಸಾಮಾನ್ಯವಾಗಿ ಫಲಿತಾಂಶ ತೀರ ಕೆಟ್ಟಿರುವಾಗಲೇ ಮ್ಯಾನೇಜರನ್ನು ತೆಗೆಯುವುದರಿಂದ, ಯಾರು ಬಂದರೂ ಅಲ್ಲಿಂದ ತುಸು ಏಳಿಗೆ ಕಾಣುವ ಸಂಭವ ಹೆಚ್ಚು. 2018ರ ಡಿಸೆಂಬರ್‌ನಲ್ಲಿ ಜೋಸೆ ಮೊರಿನೊ ಹೊರಬಿದ್ದಾಗ ಮ್ಯಾಂಚೆಸ್ಟರ್ ಯುನೈಟೆಡ್ ಆರನೇ ಸ್ಥಾನದಲ್ಲಿತ್ತು. ತಾತ್ಕಾಲಿಕವಾಗಿ ಬಂದ ಓಲೆ ಗುನ್ನಾರ್ ಸೋಲ್‌ಶಾರ್ ಕಾರ್ಡಿಫ್ ವಿರುದ್ಧ 5-1ರಿಂದ ಆರಂಭಿಸಿ ಸತತ ಎಂಟು ಪಂದ್ಯ ಗೆದ್ದರು, ಮಾರ್ಚ್‌ನಲ್ಲಿ ಹುದ್ದೆ ಕಾಯಂ ಆಯಿತು. ಸೀಸನ್‌ನ ಕೊನೆಯ ದಿನ ತಂಡ ಅದೇ ಕಾರ್ಡಿಫ್‌ಗೆ ಸ್ವಂತ ಮೈದಾನದಲ್ಲಿ 0-2ರಿಂದ ಸೋತು, ಆರನೇ ಸ್ಥಾನದಲ್ಲೇ ಮುಗಿಸಿತು.