ಮಕ್ಕಳನ್ನು ಕೆರೆಗೆ ಹಕ್ಕಿ ನೋಡಲು ಕರೆದೊಯ್ಯುವವರಿಗೆ

ಬೆಂಗಳೂರಿನ ಜಕ್ಕೂರು ಕೆರೆಯೋ ಹೆಬ್ಬಾಳ ಕೆರೆಯೋ, ಬೆಳಿಗ್ಗೆ ಬೇಗ ಹೋಗಿ. ಬಿಸಿಲೇರಿದರೆ ಹಕ್ಕಿಗಳ ಓಡಾಟವೂ ಕಡಿಮೆ, ಮಕ್ಕಳಿಗೂ ಹಸಿವು. ಸೂರ್ಯ ಬೆನ್ನ ಹಿಂದಿರುವ ದಂಡೆ ಆರಿಸಿ, ಎದುರಿಗಿದ್ದರೆ ಎಲ್ಲ ಹಕ್ಕಿಯೂ ಕರಿ ನೆರಳೇ.

‘ಏನೂ ಕಾಣ್ತಿಲ್ಲ’ ಅಂದರೆ ಸಾಮಾನ್ಯವಾಗಿ ಬೈನಾಕ್ಯುಲರ್ ಹಾಳಾಗಿರುವುದಿಲ್ಲ, ಅಗಲ ದೊಡ್ಡವರ ಕಣ್ಣಿಗೆ ಹೊಂದಿಸಿದ್ದಿರುತ್ತದೆ. ಎರಡು ವೃತ್ತ ಒಂದಾಗುವವರೆಗೆ ಮಡಚಿಸಿ. ಆಮೇಲೆ ಬಲಗಣ್ಣು ಮುಚ್ಚಿಸಿ, ಸ್ಪಷ್ಟವಾಗಿ ಕಾಣುವವರೆಗೆ ನಡುವಿನ ಚಕ್ರ ತಿರುಗಿಸಿ. ನಂತರ ಎಡಗಣ್ಣು ಮುಚ್ಚಿಸಿ ಬಲಗಡೆಯ ಉಂಗುರವನ್ನೂ ಹಾಗೇ ತಿರುಗಿಸಿ. ಕನ್ನಡಕ ಹಾಕಿದವರಿಗೆ ಕಣ್ಣಿಡುವ ಕಡೆಯ ರಬ್ಬರ್ ಕಪ್ ಒಳಗೆ ಇಳಿಸಿಕೊಡಿ.

ಶುರುವಿಗೆ ನಾಮದ ಕೋಳಿ ಸಾಕು: ಕಪ್ಪು ಮೈ, ಹಣೆಯಲ್ಲಿ ಬಿಳಿ ನಾಮ, ತೆರೆದ ನೀರಲ್ಲೇ ತೇಲುತ್ತಿರುತ್ತದೆ. ಹೆಸರು ಆಮೇಲೆ ಹೇಳಿ. ಮೊದಲು ಕೊಕ್ಕು, ಕಾಲು, ಬಾಲ ಬರೆಸಿ. ಹಕ್ಕಿ ಗುರುತಿಸುವ ಆ್ಯಪ್ ಇರುವ ಮೊಬೈಲ್ ಮಾತ್ರ ಬ್ಯಾಗಿನಲ್ಲೇ ಇರಲಿ, ತೆಗೆದರೆ ಯಾರೂ ಹಕ್ಕಿ ನೋಡುವುದಿಲ್ಲ.